ಗ್ಯಾರೇಜಿನಲ್ಲಿ ಕೂತ ಹಿಮದ ಟೈರುಗಳು

ನನ್ನದೊಂದು ತಪ್ಪೊಪ್ಪಿಗೆ ಇದೆ. ನಾನು ಟೆಕ್ಸಾಸಿನಲ್ಲಿ ಕೂತು ಹಿಮದ ಟೈರು ಕೊಂಡವನು. ವರ್ಷದಲ್ಲಿ ಏಳೆಂಟು ತಿಂಗಳು ಸ್ಟಿಯರಿಂಗ್ ಮುಟ್ಟಿದರೆ ಕೈ ಚುರುಗುಟ್ಟುವ ಸೀಮೆ ಇದು. ಚಳಿಗಾಲವೆಂಬುದು ಇಲ್ಲಿಗೆ ದೂರದ ನೆಂಟರ ಹಾಗೆ ಹೇಳದೆ ಕೇಳದೆ ಬಂದು, ಎರಡು ದಿನ ಇದ್ದು, ಮನೆಯನ್ನೆಲ್ಲ ಅಸ್ತವ್ಯಸ್ತ ಮಾಡಿ ಹೋಗುತ್ತದೆ. ಆ ಎರಡು ದಿನಕ್ಕಾಗಿ ನಾಲ್ಕು ಟೈರು ಬೇಕೆಂದಾಗ ಅಂಗಡಿಯವನು ಕಂಪ್ಯೂಟರಿನಿಂದ ತಲೆಯೆತ್ತಿ, ಹಿಮ ನೋಡಲು ಕೊಲೊರಾಡೋಗೆ ಹೊರಟಿದ್ದೀರಾ ಎಂದು ವಿಚಾರಿಸಿದ. ಇಲ್ಲ, ಡಾಲಸ್‌ಗೆ ಎಂದೆ. ಯೂಲೆಸ್‌ನ ನಮ್ಮ ಮನೆಯಿಂದ ಡಾಲಸ್‌ಗೆ ಅರ್ಧ ಗಂಟೆ ದಾರಿ. ಅವನು ನಗಲಿಲ್ಲ. ಇಂಥ ಟೈರನ್ನು ಇಲ್ಲಿ ಇಟ್ಟುಕೊಳ್ಳುವುದಿಲ್ಲ, ಬೇರೆ ರಾಜ್ಯದಿಂದ ತರಿಸಬೇಕು ಎಂದು, ಡಾಕ್ಟರು ರೋಗಿಗೆ ಹೇಳುವಷ್ಟು ಮೃದುವಾಗಿ ಹೇಳಿದ.

ಕಾರಣವಿಲ್ಲದೆ ಮಾಡಿದ ಕೆಲಸವೇನಲ್ಲ. ನನ್ನ ಹೆಂಡತಿ ಶೈಲಾ ಡಾಲಸ್‌ನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ನಾನು ಸಾಫ್ಟ್‌ವೇರ್ ಟೆಸ್ಟಿಂಗಿನವನು. ಮನೆಯಲ್ಲೇ ಕೂತು ಬೇರೆಯವರ ತಪ್ಪು ಹುಡುಕುವುದು ನನ್ನ ಉದ್ಯೋಗ. ರಸ್ತೆಗೆ ಐಸು ಕಟ್ಟಿದ ದಿನ ನನ್ನ ಆಫೀಸಿನವರು, ಯಾರೂ ಹೊರಗೆ ಹೋಗಬೇಡಿ, ಬೆಚ್ಚಗಿರಿ ಎಂದು ಮೆಸೇಜು ಕಳಿಸುತ್ತಾರೆ. ನಾನು ಹೇಗೂ ಹೊರಗೆ ಹೋಗುವವನಲ್ಲ. ಹೋಗಲೇಬೇಕಾದವಳು ಅವಳು. ರೋಗಿಗಳು ಹವಾಮಾನ ನೋಡಿಕೊಂಡು ಕಾಯಿಲೆ ಬೀಳುವುದಿಲ್ಲವಲ್ಲ.

ಹೋದ ವರ್ಷದ ಐಸಿನ ದಿನ ಅವಳ ಕಾರು ಒಂದು ಫ್ಲೈಓವರ್ ಇಳಿಯುವಾಗ ಜಾರಿ, ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತ್ತಂತೆ. ಹಿಂದೆ ಯಾರೂ ಇರಲಿಲ್ಲವಾದ್ದರಿಂದ ಏನೂ ಆಗಲಿಲ್ಲ. ಇದನ್ನು ಅವಳು ನನಗೆ ಹೇಳಿದ್ದು ಮೂರು ದಿನ ಬಿಟ್ಟು, ಊಟದ ನಡುವೆ.

"ಗಿರ್ರಂತ ಅರ್ಧ ಸುತ್ತು ತಿರುಗಿಬಿಡ್ತು ರೀ, ಅಷ್ಟೇ. ಸಾರು ಹಾಕ್ಲಾ?"

ಜಾತ್ರೆಯ ತೊಟ್ಟಿಲಲ್ಲಿ ಕೂತು ಬಂದವಳ ಹಾಗೆ ಹೇಳಿದಳು. ನಾನು ತಟ್ಟೆ ಬದಿಗೆ ಸರಿಸಿದೆ. ಅವಳು ಇನ್ನು ಎಂದೂ ಹಾಗೆ ಒಬ್ಬಳೇ ತಿರುಗಿ ನಿಲ್ಲಬಾರದು ಎಂಬ ಒಂದೇ ವಿಚಾರ ತಲೆಯಲ್ಲಿ ಕೂತಿತು. ನಮ್ಮ ಮನೆತನದ ಗಂಡಸರಿಗೆ ಭಯವಾದರೆ ಬಾಯಿ ಬಿಟ್ಟು ಹೇಳಲು ಬರುವುದಿಲ್ಲ. ಏನಾದರೂ ಸಾಮಾನು ತರುತ್ತೇವೆ.

ಸಾಮಾನು ತರುವ ಮೊದಲು ಓದಬೇಕು. ಎರಡು ತಿಂಗಳು ನಾನು ಟೈರಿನ ಬಗ್ಗೆ ಓದಿದಷ್ಟು ಇಂಜಿನಿಯರಿಂಗ್ ಪರೀಕ್ಷೆಗೆ ಓದಿದ್ದರೆ ರ‍್ಯಾಂಕ್ ಬರುತ್ತಿತ್ತು. ಸಾಮಾನ್ಯ ಟೈರಿನ ರಬ್ಬರು ಚಳಿಗೆ ಫ್ರಿಜ್ಜಿನಲ್ಲಿಟ್ಟ ಚಪಾತಿ ಹಿಟ್ಟಿನ ಹಾಗೆ ಬಿರುಸಾಗುತ್ತದೆ, ಹಿಮದ ಟೈರಿನದು ಮೆತ್ತಗೇ ಉಳಿಯುತ್ತದೆ. ಅದರ ಮೈಮೇಲೆ ಕೂದಲೆಳೆಯಂಥ ಸಾವಿರಾರು ಸೀಳುಗಳು. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು, ಇಂಥ ಮುದ್ರೆಯಿದ್ದರೆ ಮಾತ್ರ ಅಸಲಿ. ಕೆಲವು ಕಡೆ ಮೊಳೆ ಹೊಡೆದ ಟೈರೂ ಇದೆ. ನಮ್ಮ ಎತ್ತಿನ ಕಾಲಿಗೆ ಲಾಳ ಕಟ್ಟಿದವರು ಇದನ್ನು ನೋಡಿದರೆ, ಇದರಲ್ಲೇನು ಹೊಸದು ಎಂದು ಕೇಳುತ್ತಿದ್ದರೇನೋ. ಇನ್ನು ನಮ್ಮ ಕಾರುಗಳಿಗೆ ಕೊಳ್ಳುವಾಗಲೇ ಬರುವುದು ಎಲ್ಲ ಋತುವಿಗೂ ಆಗುವ ಟೈರು. ಟೆಕ್ಸಾಸಿನಲ್ಲಿ ಎಲ್ಲ ಋತು ಎಂದರೆ ಬೇಸಿಗೆ ಮತ್ತು ಇನ್ನೂ ಸ್ವಲ್ಪ ಬೇಸಿಗೆ.

ಮೈಸೂರಿನಲ್ಲಿ ನಮ್ಮಪ್ಪನ ಸ್ಕೂಟರಿಗೆ ಇದ್ದುದು ಒಂದೇ ಋತುವಿನ ಟೈರು, ಬೋಳು. ಹಿಂದಿನದು ಸವೆದರೆ ಮುಂದಕ್ಕೆ, ಮುಂದಿನದು ಸವೆದರೆ ಸ್ಟೆಪ್ನಿಗೆ, ಸ್ಟೆಪ್ನಿ ಮತ್ತೆ ಹಿಂದಕ್ಕೆ. ಮೂರು ಚಕ್ರಗಳೂ ಹೀಗೆ ಸರದಿಯಲ್ಲಿ ಸಂಸಾರ ನಡೆಸಿದವು. ಹೊಸ ಟೈರು ಹಾಕಿಸಿದ ವರ್ಷ ಅಪ್ಪ ಮಳೆಯಲ್ಲಿ ಗಾಡಿಯನ್ನು ಹೊರಗೇ ತೆಗೆಯಲಿಲ್ಲ. ಯಾಕೆಂದು ಆಗ ನಾನು ಕೇಳಲಿಲ್ಲ, ಎಲ್ಲರ ಮನೆಯಲ್ಲೂ ಹಾಗೇ ಎಂದುಕೊಂಡಿದ್ದೆ.

ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿರುವ ನನ್ನ ಗೆಳೆಯ ಬಸವರಾಜ ಹುಬ್ಬಳ್ಳಿಯವನು. ಯಾವ ಟೈರು ತಗೊಳ್ಳಲಿ ಎಂದು ಅವನನ್ನೂ ಕೇಳಿದೆ. ಹ್ಯೂಸ್ಟನ್ ಕಡೆಯವರ ಕಷ್ಟ ಬೇರೆ.

"ನಿಮ್ಮದು ಚೈನಿ ಬಿಡ್ರಿ," ಎಂದ. "ನಮ್ಮ ಕಡೆ ಒಂದು ತಾಸು ಮಳಿ ಆದ್ರ ಸಾಕು, ಕಾರು ತೇಲತಾವ. ನೀರಾಗ ಈಸು ಬೀಳೋ ಟೈರು ಸಿಕ್ಕರ ನನಗೂ ಒಂದು ಜೋಡಿ ಹೇಳ್ರಿ."

ಅಂತೂ ಡಿಸೆಂಬರಿನ ಮೊದಲ ವಾರ ಶೈಲಾಳ ನೀಲಿ ಕಾರಿಗೆ ನಾಲ್ಕೂ ಹೊಸ ಟೈರು ಕೂತವು. ಅವಳು ಅರಿಶಿನ ಕುಂಕುಮ ಹಚ್ಚಿ, ಒಂದೊಂದು ಚಕ್ರದಡಿಗೂ ನಿಂಬೆಹಣ್ಣಿಟ್ಟು, ಕಾರನ್ನು ಮುಂದೆ ಓಡಿಸಿ ನಾಲ್ಕನ್ನೂ ಜಜ್ಜಿದಳು. ಅವತ್ತು ಮಧ್ಯಾಹ್ನ ಫ್ಯಾನು ಹಾಕಬೇಕಾದಷ್ಟು ಸೆಖೆ. ಅಲ್ಲೇ ನನ್ನ ಬುದ್ಧಿ ಕೆಲಸ ಮಾಡಿತು. ಮೆತ್ತನೆಯ ರಬ್ಬರು ಬಿಸಿ ರಸ್ತೆಯ ಮೇಲೆ ಬೇಗ ಸವೆಯುತ್ತದೆ ಎಂದು ನಾನೇ ಓದಿದ್ದೆ. ಐಸು ಬರುವ ಹೊತ್ತಿಗೆ ಸವೆದಿದ್ದರೆ ಏನು ಪ್ರಯೋಜನ?

"ಅಲ್ಲೀತನಕ ನನ್ನ ಕಾರು ತಗೊಂಡು ಹೋಗು," ಎಂದೆ.

"ಮತ್ತೆ ನನ್ನ ಕಾರು?"

"ಅದು ಇರ್ಲಿ."

ಅದು ಇರಲಿ. ಎಷ್ಟು ಹಳೆಯ ಮಾತು ಇದು ನಮ್ಮಲ್ಲಿ. ಒಳ್ಳೆಯದನ್ನು ಬಳಸುವ ಅಭ್ಯಾಸ ನಮಗಿಲ್ಲ, ಎತ್ತಿಡುವ ಅಭ್ಯಾಸವಿದೆ. ಅಮ್ಮನ ಪಿಂಗಾಣಿ ಕಪ್ಪುಗಳು ಷೋಕೇಸಿನಲ್ಲೇ ಮುಪ್ಪಾದವು. ಮದುವೆಗೆ ಬಂದ ಬೆಡ್‌ಶೀಟುಗಳು ಬೀರುವಿನಲ್ಲೇ ಮಡಿಕೆ ಮಡಿಕೆಗೆ ಹಳದಿಯಾದವು. ಟಿವಿ ರಿಮೋಟು ಪ್ಲಾಸ್ಟಿಕ್ ಕವರಿನೊಳಗೇ ಹುಟ್ಟಿ ಕವರಿನೊಳಗೇ ಸತ್ತಿತು. ಯಾರೋ ದೊಡ್ಡವರು ಬರುತ್ತಾರೆ, ಯಾವುದೋ ದೊಡ್ಡ ದಿನ ಬರುತ್ತದೆ, ಆಗ ತೆಗೆದರಾಯಿತು. ಸಾಗರ ದಾಟಿ ಬಂದರೂ ಈ ಬುದ್ಧಿ ಚೆಕ್ಕಿನ್ ಬ್ಯಾಗಿನಲ್ಲಿ ಮಡಚಿ ನನ್ನ ಜೊತೆಗೇ ಬಂದಿದೆ. ಏಳು ವಾರ ನೀಲಿ ಕಾರು ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಕೂತಿತ್ತು. ನಾನು ಆಗಾಗ ಹೋಗಿ ಬಟ್ಟೆಯೆತ್ತಿ ಟೈರಿನ ಸೀಳುಗಳನ್ನು ನೋಡಿ, ಒಂದೂ ಸವೆದಿಲ್ಲವೆಂದು ಸಂತೋಷಪಟ್ಟು ಬರುತ್ತಿದ್ದೆ.

ದೊಡ್ಡ ದಿನ ಜನವರಿಯ ಕೊನೆಗೆ ಬಂತು. ಬೆಳಿಗ್ಗೆ ಎದ್ದಾಗ ರಸ್ತೆ, ಹುಲ್ಲು, ಅಂಚೆಪೆಟ್ಟಿಗೆ ಎಲ್ಲಕ್ಕೂ ಗಾಜು ಬಳಿದಂತಿತ್ತು. ನನಗೆ ಒಳಗೊಳಗೇ ಖುಷಿ. ಮದುವೆ ಮನೆಯ ಯಜಮಾನನ ಠೀವಿಯಿಂದ ಹೊದಿಕೆ ಸರಿಸಿ, ಶೈಲಾಳಿಗೆ ಬಾಗಿಲು ತೆರೆದುಕೊಟ್ಟೆ. ಅವಳು ಸ್ಟಾರ್ಟ್ ಬಟನ್ ಒತ್ತಿದಳು. ಕಾರು ಒಂದು ಸಲ ಟಕ್ ಎಂದು ಸುಮ್ಮನಾಯಿತು. ಏಳು ವಾರ ನಿಂತಲ್ಲೇ ನಿಂತು ಬ್ಯಾಟರಿ ಸತ್ತುಹೋಗಿತ್ತು.

ಅವಳು ನನ್ನನ್ನು ನೋಡಿದಳು. ನಾನು ಟೈರನ್ನು ನೋಡಿದೆ.

"ನಿಮ್ಮ ಕಾರಲ್ಲೇ ಹೋಗ್ತೀನಿ ಬಿಡಿ," ಎಂದಳು. "ಐಸಿಯುಗೆ ಹತ್ತು ಗಂಟೆಯೊಳಗೆ ಔಷಧಿ ರೆಡಿ ಮಾಡ್ಬೇಕು."

ನನ್ನ ಕಾರಿನ ಟೈರು ನಾಲ್ಕು ವರ್ಷದ್ದು. ಎರಡು ತಿಂಗಳ ವ್ಯಾಸಂಗವೆಲ್ಲ ಮಾಡಿ ಕೊನೆಗೆ ಅವಳನ್ನು ಬೋಳು ಟೈರಿನ ಮೇಲೆ ಕಳಿಸುವ ಹಾಗಾಯಿತಲ್ಲ ಎಂದು ನನಗೆ ನಿಜವಾಗಿಯೂ ಕಣ್ಣು ಕತ್ತಲಿಟ್ಟಿತು. ಹತ್ತು ನಿಮಿಷ ತಡಿ ಎಂದು ಪಕ್ಕದ ಮನೆಯ ಬಿಲ್ ಅವರ ಬಾಗಿಲಿಗೆ, ಚಿಕ್ಕ ಮಗುವಿನಂತೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೋದೆ. ಬಿಲ್ ಉತ್ತರದ ಹಿಮದೂರಿನಲ್ಲಿ ಬೆಳೆದು, ನಿವೃತ್ತರಾದ ಮೇಲೆ ಬಿಸಿಲು ಹುಡುಕಿಕೊಂಡು ಬಂದವರು. ಕೇಬಲ್ ತಂದು ತಮ್ಮ ಪಿಕಪ್ಪಿನ ಬ್ಯಾಟರಿಯಿಂದ ನಮ್ಮದಕ್ಕೆ ಜೀವ ಕೊಟ್ಟರು. ಆಮೇಲೆ ಬಗ್ಗಿ ಟೈರಿನ ಮುದ್ರೆ ನೋಡಿ, ಎಷ್ಟು ಓಡಿಸಿದ್ದೀಯ ಎಂದು ಕೇಳಿದರು. ಅಂಗಡಿಯಿಂದ ಮನೆಯವರೆಗೆ ಎಂದೆ. ಟೈರು ಇರುವುದು ಸವೆಯುವುದಕ್ಕೆ ಕಣಯ್ಯ ಎಂಬರ್ಥದ ಮಾತು ಹೇಳಿದರು. ಬರಿ ಐಸಿನ ಮೇಲೆ ಯಾವ ಟೈರೂ ದೇವರಲ್ಲ, ಮೆಲ್ಲಗೆ ಹೋಗು, ಬ್ರೇಕನ್ನು ಮೊದಲೇ ಒತ್ತು ಎಂದು ಶೈಲಾಳಿಗೆ ಹೇಳಿದರು.

ನಾನೂ ಪಕ್ಕದಲ್ಲಿ ಹತ್ತಿ ಕೂತೆ. ಬೇಡ ಎಂದಳು, ಇಳಿಯಲಿಲ್ಲ. ಅರ್ಧ ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಅವಳು ಫ್ಲೈಓವರ್‌ಗಳನ್ನೆಲ್ಲ ಬಿಟ್ಟು ಕೆಳಗಿನ ರಸ್ತೆಯಲ್ಲೇ, ಮದುವಣಗಿತ್ತಿಯ ನಡಿಗೆಯಲ್ಲಿ ಓಡಿಸಿದಳು. ಅಲ್ಲಲ್ಲಿ ಕಾರುಗಳು ಅಡ್ಡಡ್ಡ ನಿಂತಿದ್ದವು. ನಮ್ಮದು ಎರಡು ಸಲ ಸಣ್ಣಗೆ ಜಾರಲು ನೋಡಿ, ಆಮೇಲೆ ನೆಲ ಕಚ್ಚಿಕೊಂಡಿತು. ಎರಡು ಸಲವೂ ನಾನು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತಿದೆ.

ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಎಂಜಿನ್ ಆರಿಸಿ ಅವಳು ಕೇಳಿದಳು.

"ಈಗ ನೀವು ಮನೆಗೆ ಹೇಗೆ ಹೋಗ್ತೀರಿ?"

ಹಿಮದ ಟೈರಿನ ಕುರಿತು ನಾಡಿಗೇ ಭಾಷಣ ಮಾಡಬಲ್ಲ ನನಗೆ ಇದೊಂದು ಹೊಳೆದೇ ಇರಲಿಲ್ಲ. ಕಾರು ನಾನು ಒಯ್ದರೆ ಸಂಜೆ ಅವಳನ್ನು ಕರೆದೊಯ್ಯಲು ಮತ್ತೆ ಬರಬೇಕು. ಹೋಗುವುದು ಬರುವುದು ಅಷ್ಟೂ ಐಸಿನ ಮೇಲೆ ಎಂದೂ ಓಡಿಸದ ನನ್ನ ಡ್ರೈವಿಂಗ್‌ನಲ್ಲಿ.

"ಇಲ್ಲೇ ಕೂತಿರ್ತೀನಿ," ಎಂದೆ.

"ಆರೂವರೆ ತನಕಾನಾ?"

"ಹೂಂ."

ಅವಳು ತನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಅದರ ಮುಚ್ಚಳಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು. "ನೀವು ಮನೇಲಿದ್ದಿದ್ರೆ ನಲವತ್ತು ಸಲ ಫೋನ್ ಮಾಡ್ತಿದ್ರಿ. ಇದೇ ವಾಸಿ," ಎಂದು ಒಳಗೆ ಹೋದಳು.

ಕಾಯುವವರ ಹಾಲ್‌ನಲ್ಲಿ ಕಿಟಕಿಯ ಪಕ್ಕ ಕೂತೆ. ಅಲ್ಲಿದ್ದವರೆಲ್ಲ ಒಳಗಿನ ಬಾಗಿಲನ್ನೇ ನೋಡುತ್ತಿದ್ದರು. ಯಾರ ಮುಖದಲ್ಲೂ ನಿದ್ದೆ ಮಾಡಿದ ಗುರುತಿರಲಿಲ್ಲ. ಪಕ್ಕದಲ್ಲಿ ಹೆಣಿಗೆ ಹಾಕುತ್ತ ಕೂತಿದ್ದ ಒಬ್ಬ ಅಜ್ಜಿ, ಗಂಡನಿಗೆ ಎದೆಯ ಆಪರೇಷನ್ ಆಗುತ್ತಿದೆ ಎಂದು ತಾವಾಗಿ ಹೇಳಿ, ಒಳಗೆ ನಿನ್ನವರು ಯಾರು ಎಂದು ಕೇಳಿದರು. ನನ್ನ ಹೆಂಡತಿ ಎಂದೆ. ಅಯ್ಯೋ ಪಾಪ ಎನ್ನುವಂತೆ ಅವರು ಸೂಜಿ ನಿಲ್ಲಿಸಿ ನನ್ನ ಮೊಣಕೈ ಮುಟ್ಟಿ, ಈಗ ಹೇಗಿದ್ದಾಳೆ ಎಂದರು.

ಅಷ್ಟು ದೊಡ್ಡ ಹಾಲ್‌ನಲ್ಲಿ ಆರೋಗ್ಯವಾಗಿರುವವಳಿಗಾಗಿ ಕಾಯುತ್ತಿದ್ದವನು ನಾನೊಬ್ಬನೇ.

ಚೆನ್ನಾಗಿದ್ದಾಳೆ, ಸಂಜೆ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅಜ್ಜಿ, ದೇವರು ದೊಡ್ಡವನು ಎಂದರು. ನಾನೂ ಹೌದೆಂದೆ.