ನಶ್ಯದಂತೆ ಎಳೆದ ಔಷಧಿ

"ಹೆಂಗ ಹೊಡಕೋತೀರಿ, ನನ್ನ ಮುಂದ ಮಾಡಿ ತೋರಸ್ರಿ" ಎಂದರು ಇಂಡಿ ಪಟ್ಟಣದ ಡಾಕ್ಟರಮ್ಮ. ನಾನು ತಲೆ ಹಿಂದಕ್ಕೆ ಚೆಲ್ಲಿ, ಅವರೇ ಕೊಟ್ಟಿದ್ದ ಸ್ಪ್ರೇ ಬಾಟಲಿಯನ್ನು ಮೂಗಿಗಿಟ್ಟು, ಔಷಧಿ ನೆತ್ತಿಗೇರುವಂತೆ ಸೊರ್ರನೆ ಎಳೆದೆ. ಮದುವೆಯಾದಾಗಿನಿಂದ ನಶ್ಯ ಏರಿಸಿದವಳು, ನನಗೆ ಬೇರೆ ರೀತಿ ಗೊತ್ತಿಲ್ಲ.

"ಯವ್ವಾ, ಇದು ನಶ್ಯ ಅಲ್ಲ! ಹಂಗ ಜಗ್ಗಿದ್ರ ಎಲ್ಲಾ ಗಂಟಲಕ್ಕ ಇಳೀತೈತಿ, ಮೂಗಿನ್ಯಾಗ ಏನು ಉಳೀತೈತಿ?"

ಗಂಟಲು ಕಹಿಯಾಗಿತ್ತು. ಅವರು ಹೇಳಿದ್ದು ಖರೆ.

ಕಣದಲ್ಲಿ ತೊಗರಿ ರಾಶಿ ಶುರುವಾದರೆ ಆ ಧೂಳಿಗೆ ನನಗೆ ಪ್ರತಿ ವರ್ಷ ಸೀನು, ಮೂಗು ಕಟ್ಟುವುದು. ಗುಳಿಗೆ ನುಂಗಿದರೆ ಸೀನು ಬೇಗ ನಿಲ್ಲುತ್ತಿತ್ತು, ಮೂಗು ಬಿಚ್ಚುತ್ತಿರಲಿಲ್ಲ. ಮೇಲೆ ನಿದ್ದೆ ಬೇರೆ. ಒಂದು ದಿನ ರೊಟ್ಟಿ ಬಡಿಯುತ್ತ ತೂಕಡಿಸಿ ಹಂಚಿನ ಮೇಲೆ ಕೈಯಿಟ್ಟೆ. ಅಂದಿನಿಂದ ಸೊಸೆ ನನ್ನನ್ನು ಒಲೆ ಮುಂದೆ ಕೂರಲು ಬಿಟ್ಟಿರಲಿಲ್ಲ. ಈ ಸ್ಪ್ರೇಯೂ ಗುಣ ಕೊಡದಿದ್ದರೆ ಮತ್ತೆ ಗುಳಿಗೆ, ಮತ್ತೆ ನಿದ್ದೆ, ಒಲೆ ಕಾಯಂ ಅವಳದು.

"ಇದು ಬ್ಯಾಡ್ರಿ. ನಾಕು ದಿನ ಆತು, ಏನೂ ಗುಣ ಇಲ್ಲ" ಎಂದೆ.

"ಗುಳಿಗಿಯಂಗ ಇವತ್ತ ತಗೊಂಡ್ರ ಇವತ್ತ ಗುಣ ಆಗೂದಲ್ಲ ಇದು. ತಲಿ ಚೂರು ಮುಂದ ಬಗ್ಗಸ್ರಿ, ಬಾಟಲಿ ಬಾಯಿ ಕಿವಿ ಕಡೆ ಹೊಳ್ಳಸ್ರಿ, ಮೆತ್ತಗ ಉಸಿರು ತಗೋರಿ. ದಿನಾ ಬಿಡದ ಹೊಡೀರಿ, ಒಂದೆರಡು ವಾರ ತಡೀರಿ."

"ನಶ್ಯದ ಡಬ್ಬಿ ಏನು ಮಾಡ್ಲಿ?"

"ಒಗದ ಬಿಡ್ರಿ."

ಒಗೆಯಲಿಲ್ಲ, ಅದರಲ್ಲಿ ಈಗ ಪಿನ್ನು ಇಟ್ಟಿದ್ದೇನೆ. ಅವರು ಹೇಳಿದಂತೆ ಹೊಡೆದುಕೊಳ್ಳುತ್ತ ಬಂದೆ. ಒಂದು ಮುಂಜಾನೆ ಕಟ್ಟೆ ಮೇಲೆ ಕುಳಿತಿದ್ದಾಗ ಸೊಸೆಯ ರೊಟ್ಟಿ ಸೀದ ವಾಸನೆ ಮೂಗಿಗೆ ಬಡಿಯಿತು. ಒಳಗೆ ಹೋಗಿ ಒಲೆ ಮುಂದಿನಿಂದ ಅವಳನ್ನು ಎಬ್ಬಿಸಿ, ಅಲ್ಲಿ ನಾನು ಕುಳಿತೆ.