ಡೋಲನ್ನು ಒದೆಯುವ ಪಾತ್ರ

ನಾಟಕದಲ್ಲಿ ನನಗೆ ಸಿಕ್ಕಿದ್ದು ಬ್ರಿಟಿಷ್ ಅಧಿಕಾರಿಯ ಪಾತ್ರ. ನಮ್ಮ ಹವ್ಯಾಸಿ ತಂಡದಲ್ಲಿ ನಾಲ್ವರು ಡಚ್ಚರಿದ್ದರು. ಆದರೆ ವಸಾಹತಿನ ದೊರೆಯಾಗಲು ನಾಲ್ವರಿಗೂ ಮುಜುಗರ. ಜೂಟರ್‌ಮೀರ್‌ನ ನನ್ನ ಆಫೀಸಿನಲ್ಲಿರುವ, ನೈಜೀರಿಯಾದ ಯೊರುಬಾ ಜನಾಂಗದ ಸಹೋದ್ಯೋಗಿಯೇ ನಾಟಕ ಬರೆದು ನಿರ್ದೇಶಿಸುತ್ತಿದ್ದಳು. "ನೀನೇ ಮಾಡು. ನಿಮ್ಮನ್ನೂ ಅವರೇ ಆಳಿದ್ದಲ್ವಾ, ಹೇಗೆ ನಡೀತಾರೆ ಅಂತ ಗೊತ್ತಿರತ್ತೆ," ಎಂದಳು. ಬೇಡ ಎನ್ನುವುದು ಹೇಗೆಂದು ಮೂರು ದಿನ ಚಿಂತಿಸಿದೆ. ಅಷ್ಟರಲ್ಲಿ ನನ್ನ ಅಳತೆಯ ಟೋಪಿ ಬಂದೇಬಿಟ್ಟಿತು.

ಕಥೆ ಇಷ್ಟೆ: ಊರಿನ ವಾದ್ಯಗಾರನ ಡೋಲು ಮಾತಾಡುತ್ತದೆ. ಯೊರುಬಾ ಮಾತಿನ ಏರಿಳಿತವನ್ನೇ ನುಡಿಯುವ ಅದು ಊರಿಗೆಲ್ಲ ಅರ್ಥವಾಗುತ್ತದೆ, ಅಧಿಕಾರಿಗೊಬ್ಬನಿಗೆ ಆಗುವುದಿಲ್ಲ. ಸಿಟ್ಟಿಗೆದ್ದು ಅವನು ಡೋಲನ್ನು ನಿಷೇಧಿಸಿ, ನೆಲದ ಮೇಲಿಡಿಸಿ, ಬೂಟುಗಾಲಲ್ಲಿ ಒದೆಯುತ್ತಾನೆ. ನಿರ್ದೇಶಕಿಯ ಅಜ್ಜನಿಗೆ ನಿಜವಾಗಿ ಆದದ್ದು ಅದು. ಆ ಒಂದು ದೃಶ್ಯಕ್ಕಾಗಿ ಅವಳು ಆರು ವರ್ಷ ಬರೆದಿದ್ದಳು.

ಒದೆಯುವುದು ಕಷ್ಟವಾಗಲಿಲ್ಲ. ಒದ್ದ ಮರುಕ್ಷಣ ನನ್ನ ಬಲಗೈ ಡೋಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡುಬಿಡುತ್ತಿತ್ತು, ಪುಸ್ತಕಕ್ಕೆ ಕಾಲು ತಾಗಿದಾಗ ಮಾಡುತ್ತೇವಲ್ಲ, ಹಾಗೆ. ಪ್ರತಿ ಭಾನುವಾರದ ತಾಲೀಮಿನಲ್ಲೂ ಇದೇ.

"ನೀನು ದೊರೇನಾ, ಇಲ್ಲ ಪೂಜಾರೀನಾ?" ನಿರ್ದೇಶಕಿ ಕೂಗಿದಳು. "ಜನ ನಕ್ಕರೆ ನನ್ನ ನಾಟಕ ಅಲ್ಲೇ ಸತ್ತಹಾಗೆ!"

ಮನೆಯಲ್ಲಿ ದಿಂಬು ಒದ್ದು ಅಭ್ಯಾಸ ಮಾಡಿದೆ.

"ದಿಂಬಿಗೂ ನಮಸ್ಕಾರ ಮಾಡಾಕತ್ತೀರಲ್ರೀ!" ಎಂದಳು ಧಾರವಾಡದ ಹೆಂಡತಿ.

"ಪಪ್ಪಾ, ಸಿಂಪಲ್. ಕೈ ಪಾಕೆಟ್‌ನಾಗ ಇಟ್ಕೋ," ಮಗಳು ಫೋನಿನಿಂದ ತಲೆಯೆತ್ತದೆ ಅಂದಳು.

ವಾದ್ಯಗಾರನಾಗಿದ್ದವರು ರಾಟರ್‌ಡ್ಯಾಮ್‌ನಿಂದ ಬರುತ್ತಿದ್ದ ಯೊರುಬಾ ಹಿರಿಯರು. ನನ್ನ ಕೈ ಕಣ್ಣಿಗೆ ಹೋದಾಗಲೆಲ್ಲ ಸುಮ್ಮನೆ ನೋಡುತ್ತಿದ್ದರು. ತಾಲೀಮು ನಡೆಯುತ್ತಿದ್ದ ಡೆಲ್ಫ್ಟ್‌ನ ಸಭಾಂಗಣದ ಕಿಟಕಿಯಾಚೆ ಕಾಲುವೆ. ನೀರಿನ ಬೆಳಕು ಒಳಗಿನ ಛಾವಣಿಯಲ್ಲಿ ತೂಗಾಡುತ್ತಿತ್ತು. ಹಿರಿಯರು ಡೋಲನ್ನು ಕಂಕುಳಲ್ಲಿ ಅಮುಕಿ ಬಾರಿಸಿದರೆ ಸ್ವರ ಏರಿ, ಬಾಗಿ, ಇಳಿಯುತ್ತಿತ್ತು. ಯೊರುಬಾ ಬಾರದ ನನಗೆ ಅದು ಬೇರೇನೋ ಹೇಳುತ್ತಿತ್ತು. ಒಮ್ಮೆಯಂತೂ ಅವ್ವನ ದನಿಯಲ್ಲೇ, "ಬಾರೋ, ಆರಿ ಹೊಂಟೈತಿ," ಅಂದಿತು. ಏನು ಆರುತ್ತಿದೆ ಎಂದು ಡೋಲು ಹೇಳಲಿಲ್ಲ.

ಪ್ರದರ್ಶನದ ಮಧ್ಯಾಹ್ನ ಬಲಗೈಯನ್ನು ಜೇಬಿಗೆ ತುರುಕಿ, ಮುಷ್ಟಿ ಬಿಗಿಹಿಡಿದು ಒದ್ದೆ. ಡೋಲು ಉರುಳಿತು. ಯಾರೂ ನಗಲಿಲ್ಲ, ಕೆಮ್ಮಲೂ ಇಲ್ಲ. ಗೆದ್ದೆ ಅಂದುಕೊಂಡೆ. ಬೆರಳುಗಳು ಮಾತ್ರ ಜೇಬಿನೊಳಗೆ ಚಡಪಡಿಸುತ್ತಿದ್ದವು.

ಡೋಲನ್ನೆತ್ತಿಕೊಂಡು ಹೊರಟುಹೋಗಬೇಕಿದ್ದ ಹಿರಿಯರು ನಿಂತರು. ನಿಧಾನವಾಗಿ ಬಗ್ಗಿ ಅದನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡರು. ಒಂದು ಕಣ್ಣು, ಆಮೇಲೆ ಇನ್ನೊಂದು. ಥೇಟ್ ನನ್ನ ಹಾಗೆ. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

ನಾಟಕ ಮುಗಿದ ಮೇಲೆ ಲಾಗೋಸ್ ಕಡೆಯ ಪ್ರೇಕ್ಷಕಿಯೊಬ್ಬರು ಕಣ್ಣೊರೆಸಿಕೊಳ್ಳುತ್ತಾ ನಿರ್ದೇಶಕಿಯನ್ನು ಕೇಳಿದರು: "ಅದು ಯಾವ ಊರಿನ ಪದ್ಧತಿ? ನಮ್ಮಲ್ಲಿ ನಾನು ನೋಡೇ ಇಲ್ಲ."

ನಿರ್ದೇಶಕಿ ನನ್ನತ್ತ ತಿರುಗಿದಳು. ನಾನು ಬೂಟಿನ ಲೇಸು ಬಿಚ್ಚತೊಡಗಿದೆ.

"ನನಗೂ ಗೊತ್ತಿಲ್ಲಮ್ಮ," ಹಿರಿಯರೇ ಹೇಳಿದರು. "ಎರಡು ತಿಂಗಳಿಂದ ಒದ್ದಾಗಲೆಲ್ಲ ಇವನು ಮಾಡ್ತಿದ್ದ. ಇವತ್ತು ಮಾಡಲಿಲ್ಲ. ಡೋಲು ಕಾಯ್ತಾ ಇತ್ತು."