ಅಜ್ಜಿ ಬರೆಸಿದ ಜರ್ಮನ್ ವಂಶಾವಳಿ

ಟಕ್, ಟಕ್, ಟಕ್. ಹೊಳನಗದ್ದೆಯ ನಮ್ಮ ಜಗುಲಿಯಲ್ಲಿ ಅಜ್ಜಿ ಕುಟ್ಟಾಣಿಯಲ್ಲಿ ಎಲೆ-ಅಡಿಕೆ ಕುಟ್ಟುವ ಸದ್ದು. ಅಮೆರಿಕದ ಪೆನ್‌ಫ್ರೆಂಡಿನ ಕಾಗದವನ್ನು ನಾನು ಓದಿ ಹೇಳುವಾಗ ಆ ಸದ್ದು ನಿಂತರೆ, ಅಜ್ಜಿಗೆ ಏನೋ ಸರಿಹೋಗಿಲ್ಲ ಎಂದೇ ಅರ್ಥ.

ಕುಮಟೆಯ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸುವ ಸಿಸ್ಟರ್ ನಮಗೆಲ್ಲ ಒಬ್ಬೊಬ್ಬ ಪೆನ್‌ಫ್ರೆಂಡನ್ನು ಹಂಚಿದ್ದರು. ನನ್ನ ಪಾಲಿಗೆ ಬಂದವಳು ಜೋಳದ ಹೊಲಗಳ ನಡುವಿನ ಹುಡುಗಿ. ಅವಳ ಮುತ್ತಜ್ಜ ಜರ್ಮನಿಯಿಂದ ಹಡಗಿನಲ್ಲಿ ಬಂದು ಅಲ್ಲಿ ಬೇಸಾಯಕ್ಕೆ ನಿಂತವನಂತೆ. ಮೊದಲ ಕಾಗದದಲ್ಲಿ ವೆದರ್, ಹಾಬಿ, ಬೆಕ್ಕು, ಎಲ್ಲ ಪ್ರಾಪರ್ ಆಗಿ ಬರೆದಿದ್ದಳು. ಕುಟ್ಟಾಣಿ ನಿಂತಿತು.

"ಬೆಕ್ಕಿನ ಸುದ್ದಿ ಯಾರಿಗೆ ಬೇಕೇ? ಯಾರ ಮನೆ ಕೂಸು ಅದು? ತಾಯಿಮನೆ ಯಾವೂರು? ಅಜ್ಜನ ಅಪ್ಪ ಎಂತ ಬೆಳೀತಿದ್ದ? ಕೇಳು."

"ಹಾಗೆಲ್ಲ ಕೇಳೋದು ಮ್ಯಾನರ್ಸ್ ಅಲ್ಲ ಅಜ್ಜಿ. ಸಿಸ್ಟರ್ ಬೈತಾರೆ."

"ನಿನ್ನ ಸಿಸ್ಟರಿಗೆ ಮದುವೆ ಕುದುರಿಸಿ ಗೊತ್ತಿಲ್ಲ, ಅದ್ಕೇ. ಬರಿ!"

ಬರೆದೆ. ನಾಚಿಕೆಗೆ ಮೂರು ಸಲ ಸಾರಿ ಸೇರಿಸಿದೆ. ಎರಡು ತಿಂಗಳಿಗೆ ಉತ್ತರ ಬಂತು. ಹುಡುಗಿ ತನ್ನ ಅಜ್ಜನನ್ನು ಕೂರಿಸಿಕೊಂಡು ಕೇಳಿ, ಉದ್ದನೆಯ ಹಾಳೆಯ ತುಂಬ ಪೆನ್ಸಿಲ್ಲಿನಲ್ಲಿ ಐದು ತಲೆಮಾರು ಬರೆದಿದ್ದಳು. ಯಾರು ಯಾರನ್ನು ಮದುವೆಯಾದರು, ಯಾವ ಹಳ್ಳಿ ಬಿಟ್ಟು ಬಂದರು, ಅಲ್ಲಿ ಏನು ಬೆಳೆಯುತ್ತಿದ್ದರು.

"ಈಗ ಆತು," ಎಂದಳು ಅಜ್ಜಿ. "ಬಟಾಟೆ ಬೆಳೆವವರು. ಒಳ್ಳೆ ಜನ."

ಮುಂದೆ ಮದುವೆ, ಮಕ್ಕಳು ಅಂತ ನಮ್ಮಿಬ್ಬರ ಕಾಗದಗಳು ನಿಂತೇಹೋದವು. ಕೆಲವು ವರ್ಷಗಳ ಹಿಂದೆ ಅವಳು ನನ್ನ ಮಗಳನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿ ನನಗೆ ಸುದ್ದಿ ಮುಟ್ಟಿಸಿದಳು. ಅವರ ಹೊಲದ ಮನೆಗೆ ಬೆಂಕಿ ಬಿದ್ದು, ಮನೆತನದ ಹೆಸರುಗಳನ್ನೆಲ್ಲ ಬರೆದಿಟ್ಟ ಬೈಬಲ್ ಸುಟ್ಟುಹೋಗಿತ್ತು. ಮುತ್ತಜ್ಜನ ಹಳ್ಳಿಯನ್ನು ನಡೆದಾಡುವ ಶಕ್ತಿ ಇರುವಾಗಲೇ ನೋಡುವ ಆಸೆ ಅವಳಿಗೆ. ಆದರೆ ಹಳ್ಳಿಯ ಹೆಸರೇ ಯಾರಿಗೂ ನೆನಪಿಲ್ಲ. ಅಂದು ಬರೆದು ಕಳಿಸಿದ ಆ ಹಾಳೆ ನಿನ್ನ ಹತ್ತಿರ ಇದೆಯಾ ಎಂದು ಕೇಳಿದ್ದಳು.

ಅವಳ ಕಾಗದಗಳನ್ನೆಲ್ಲ ತುಂಬಿಟ್ಟಿದ್ದ ಬಿಸ್ಕಿಟ್ ಡಬ್ಬಿಯೇನೋ ಸಿಕ್ಕಿತು. ಒಳಗೆ ಕಾಗದಗಳೆಲ್ಲ ಥಂಡಿಗೆ ಅಂಟಿಕೊಂಡು ಒಂದೇ ಇಟ್ಟಿಗೆಯಾಗಿದ್ದವು. ಬಿಡಿಸಲು ನನಗೆ ಧೈರ್ಯ ಬರಲಿಲ್ಲ. ಹಾಗೇ ತಿಳಿಸಿದೆ. "ಮುಟ್ಟಬೇಡ, ನಾನೇ ಬರ್ತೇನೆ" ಎಂದವಳು ನಾನೀಗ ಇರುವ ಹೊನ್ನಾವರದ ಮನೆಗೆ ಬಂದೇಬಿಟ್ಟಳು!

ಸೊಸೆ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿದಳು. ನಾವಿಬ್ಬರು ಮುದುಕಿಯರು ಕಾಗದಗಳನ್ನು ಆವಿಗೆ ಹಿಡಿದು ಒಂದೊಂದೇ ಬಿಡಿಸಿದೆವು. ಇಂಕಿನವು ಬರೀ ನೀಲಿ ಮೋಡ. ಅವಳ ಮುಖ ಸಣ್ಣದಾಗುತ್ತ ಬಂತು. ಕಡೆಗೆ ಆ ಉದ್ದನೆಯ ಹಾಳೆ ಬಿಚ್ಚಿಕೊಂಡಿತು. ಪೆನ್ಸಿಲ್ ಅಕ್ಷರ ಒಂದೂ ಅಳಿದಿರಲಿಲ್ಲ. ಹಳ್ಳಿಯ ಹೆಸರನ್ನು ಗಟ್ಟಿಯಾಗಿ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ನನ್ನನ್ನು, ಸೊಸೆಯನ್ನು, ಹಿತ್ತಿಲ ಬಾಗಿಲಿಗೆ ಬಂದಿದ್ದ ಮೀನಿನವಳನ್ನೂ ತಬ್ಬಿಕೊಂಡಳು.

"ಎಂತ ಅಮ್ಮಾ, ಮೊಮ್ಮಗು ಹುಟ್ತಾ?" ಎಂದಳು ಮೀನಿನವಳು.

"ಇಲ್ಲವೇ, ಮುತ್ತಜ್ಜ ಸಿಕ್ಕಿದ!" ಎಂದೆ.

ಅವಳು ವಾಪಸ್ ಟಿಕೆಟನ್ನೇ ಬದಲಿಸಿದಳು. ಮನೆಗಲ್ಲ, ಜರ್ಮನಿಗೆ. ನಾನವಳನ್ನು ಕೊನೆಯ ಸಲ ನೋಡಿದ್ದು ಹೊನ್ನಾವರ ಸ್ಟೇಷನ್ನಿನಲ್ಲಿ. ರೈಲಿನ ಮೆಟ್ಟಿಲು ಎತ್ತರ, ಅವಳ ಮಂಡಿ ಮಾತು ಕೇಳಲಿಲ್ಲ. ನಾನು ಹಿಂದಿನಿಂದ ನೂಕಿದೆ, ಒಳಗಿದ್ದ ಹೆಂಗಸೊಬ್ಬಳು ಕೈ ಹಿಡಿದು ಎಳೆದಳು. ಸೂಟ್‌ಕೇಸನ್ನು ಯಾರ್ಯಾರಿಗೋ ಕೊಟ್ಟವಳು ಹಾಳೆಯಿದ್ದ ಚೀಲವನ್ನು ಮಾತ್ರ ಯಾರ ಕೈಗೂ ಬಿಡಲಿಲ್ಲ. ಮೇಲೆ ಹತ್ತಿ ನಿಂತು, ಏದುಸಿರು ಬಿಡುತ್ತಲೇ, ಹುಡುಗಿಯ ಹಾಗೆ ನಗುತ್ತಿದ್ದಳು.